ಸಂಬಳದ ಬದಲಿಗೆ ಬಂದ ಕಾಜಾ ಮಿಷನ್

ನಮ್ಮ ಅತ್ತಿಗೆಯನ್ನು ಒಂದು ಕಡೆ ಕೂರಿಸುವುದು ದೇವರಿಂದಲೂ ಆಗದ ಕೆಲಸ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಏಳುತ್ತಾಳೆ. ನಲ್ಲಿ ತಿರುಗಿಸಿದೆನೋ ಇಲ್ಲವೋ, ಒಲೆ ಆರಿಸಿದೆನೋ ಇಲ್ಲವೋ, ಬಾಗಿಲಲ್ಲಿ ಯಾರೋ ಬಂದ ಹಾಗಾಯಿತಲ್ಲ. ನಲ್ಲಿ ನಿಂತಿರುತ್ತದೆ, ಒಲೆ ಆರಿರುತ್ತದೆ, ಬಾಗಿಲಲ್ಲಿ ಯಾರೂ ಇರುವುದಿಲ್ಲ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ದೀಯ ನೀನು" ಎಂದು ನಾನು ಛೇಡಿಸಿದರೆ, "ಚಕ್ರ ನಿಂತರೆ ಈ ಮನೆ ಗಾಡಿ ಯಾರು ಎಳೀತಾರೆ, ನಿಮ್ಮಣ್ಣನಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ದೊಡ್ಡವಳು, ಅದಕ್ಕೇ ನಮ್ಮಿಬ್ಬರಲ್ಲಿ ಏಕವಚನದ ಸಲಿಗೆ. ನಮ್ಮಣ್ಣ ಅಂಗಡಿಗಳಿಗೆ ಸಾಮಾನು ತಲುಪಿಸುವ ವ್ಯಾನು ಓಡಿಸುತ್ತಾನೆ. ಮಾತಿನಲ್ಲಿ ಅವನು ಅಡ್ಡಗೋಡೆಯ ಮೇಲೆ ದೀಪ ಇಡುವವನು. "ನೋಡೋಣ" ಎಂಬುದರ ಆಚೆ ಅವನ ಬಾಯಿಂದ ಇನ್ನೊಂದು ತೀರ್ಮಾನ ಹೊರಟಿದ್ದನ್ನು ನಾನು ಕಂಡಿಲ್ಲ. ಗಾಡಿ ಎಳೆಯುವವಳು ಅವಳೇ ಎಂಬುದನ್ನು ಒಪ್ಪಲೇಬೇಕು.

ನಾನು ಗಂಡನ ಮನೆ ಸಾಕಾಗಿ ಹಿಂದಿರುಗಿದವಳು. ಪೆಟ್ಟಿಗೆ ಹಿಡಿದು ಬಂದ ದಿನ ಅಣ್ಣ "ನೋಡೋಣ" ಎಂದ. ಅತ್ತಿಗೆ ಮಾತ್ರ ಏನೂ ಕೇಳದೆ ಪೆಟ್ಟಿಗೆ ಕಿತ್ತುಕೊಂಡು ಒಳಗಿಟ್ಟು, "ನಾಳೆ ಬೆಳಿಗ್ಗೆ ನೀರು ಹಿಡಿಯೋ ಸರದಿ ನಿಂದು" ಎಂದಳು. ಆಮೇಲೆ ನನಗೆ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತು. ಹೀಗಿರುವಾಗ ಅವಳ ಮೇಲೆ ನನಗೆ ಎಷ್ಟೇ ಸಿಟ್ಟು ಬಂದರೂ ಅದು ಒಂದು ಮಿತಿ ದಾಟುವುದಿಲ್ಲ. ಆದರೆ ಈಗ ಹೇಳುವ ವಿಷಯದಲ್ಲಿ ಆ ಮಿತಿಯೂ ದಾಟಿತ್ತು.

ಅತ್ತಿಗೆ ಅಂಗಿ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕಾಜಾ ಹಾಕಿದವಳು. ಅಂಗಿಯ ಗುಂಡಿ ತೂರುವ ಸೀಳಿದೆಯಲ್ಲ, ಅದೇ ಕಾಜಾ. ಆ ಕಾರ್ಖಾನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಾಲರ್ ಹೊಲಿಯುವವಳು ಕಾಲರ್, ಇಸ್ತ್ರಿ ಮಾಡುವವನು ಇಸ್ತ್ರಿ, ಎಲ್ಲರ ಮೇಲೆ ಕೂಗಾಡುವವನು ಲೀಡರ್, ನಮ್ಮ ಅತ್ತಿಗೆ ಕಾಜಾ. ಮದುವೆಯಾಗಿ ಬಂದ ವರ್ಷವೇ ಕೆಲಸಕ್ಕೆ ಸೇರಿದಾಗ ಅವಳನ್ನು ಕೂರಿಸಿದ್ದು ಹಿಂದಿನ ಮೂಲೆಯ ಮೇಜಿಗೆ, ಮುಗಿದ ಅಂಗಿಯಿಂದ ನೇತಾಡುವ ದಾರದ ತುದಿ ಕತ್ತರಿಸಲು. ಅಲ್ಲಿ ಆಗಲೇ ತಲೆ ನರೆತಿದ್ದ ಒಬ್ಬಳಿದ್ದಳು, ದಾರದಜ್ಜಿ. "ಈ ಹುಡುಗಿ ಕೂರೋಳಲ್ಲ, ಓಡೋಳು. ಇವಳನ್ನ ಮಿಷನ್ನಿಗೆ ಹಾಕಿ" ಎಂದು ಶಿಫಾರಸು ಮಾಡಿದ್ದು ಅವಳೇ ಅಂತೆ.

ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕಾಜಾ ಹಾಗಲ್ಲ. ಮಿಷನ್ ಎರಡು ಸಾಲು ದಾರ ಓಡಿಸಿ, ಕೊನೆಗೆ ಒಂದು ಪುಟ್ಟ ಬ್ಲೇಡನ್ನು ಟಕ್ಕೆಂದು ಇಳಿಸುತ್ತದೆ. ಜಾಗ ಒಂದು ಕೂದಲು ತಪ್ಪಿದ್ದರೂ ಅಂಗಿ ಹೋಯಿತು. ಹಾಗೆ ಹೋದ ಅಂಗಿಯನ್ನು ಬಂಡಲಿನ ನಡುವೆ ತುರುಕಿ ಮುಂದಿನವರ ತಲೆಗೆ ಕಟ್ಟುವವರೇ ಹೆಚ್ಚು. ಅತ್ತಿಗೆ ಅದನ್ನು ಬಾವುಟದ ಹಾಗೆ ತಲೆಯ ಮೇಲೆ ಎತ್ತಿ ಹಿಡಿದು ನಿಂತುಬಿಡುತ್ತಿದ್ದಳು, ಲೀಡರ್ ಬಂದು ನೋಡುವ ತನಕ. ದಂಡ ಕಟ್ಟುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು, ಮನೆಗೆ ಬಂದು ಗೊರಕೆ ಹೊಡೆಯುತ್ತಿದ್ದಳು. "ಬಚ್ಚಿಟ್ಟರೆ ನಿದ್ದೆ ಬರಲ್ಲ ಕಣೇ" ಎನ್ನುವುದು ಅವಳ ಸಮರ್ಥನೆ. ಆಗ ನನಗೆ ಅದು ಬರೀ ತಮಾಷೆಯಾಗಿ ಕಂಡಿತ್ತು.

ಕಾರ್ಖಾನೆ ಮುಳುಗುವ ಸುಳಿವು ಎಲ್ಲರಿಗೂ ಇತ್ತು. ಬಟ್ಟೆಯ ಲಾರಿ ಬರುವುದು ನಿಂತಿತು, ಆಮೇಲೆ ಸಂಬಳ ನಿಂತಿತು. ನಾಲ್ಕು ತಿಂಗಳು "ಇವತ್ತು ನಾಳೆ" ಎನ್ನುತ್ತಲೇ ಕಳೆಯಿತು. ಕೊನೆಯ ದಿನ ಮಾಲೀಕ ಬಂದು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಹತ್ತಿ ನಿಂತು, ಎಲ್ಲರೆದುರು ಅತ್ತನಂತೆ. "ನನ್ನ ಹತ್ರ ದುಡ್ಡಿಲ್ಲ. ಸಂಬಳದ ಬದಲು, ನಿಮ್ಮ ನಿಮ್ಮ ಮುಂದೆ ಏನಿದೆಯೋ ಅದನ್ನ ತಗೊಂಡು ಹೋಗಿ" ಎಂದನಂತೆ. ಒಂದು ಚೀಟಿ ಇಲ್ಲ, ಒಂದು ಸಹಿ ಇಲ್ಲ.

ಅವನ ಬಾಯಿ ಮುಚ್ಚುವುದರೊಳಗೆ ಹೊಲಿಗೆ ಮಿಷನ್ನುಗಳ ಸ್ಕ್ರೂ ಬಿಚ್ಚುವ ಸದ್ದು ಶುರುವಾಯಿತು. ಕಾಲರ್ ತನ್ನ ಮಿಷನ್ನನ್ನು ಮಗುವಿನ ಹಾಗೆ ಸೊಂಟದ ಮೇಲೆ ಹೊತ್ತು ಬಸ್ಸು ಹತ್ತಿದಳು. ಇಸ್ತ್ರಿಯವನು ಇನ್ನೂ ಬಿಸಿ ಆರದ ಪೆಟ್ಟಿಗೆಯನ್ನೇ ಚೀಲಕ್ಕೆ ಹಾಕಿಕೊಂಡು ತೊಡೆ ಸುಟ್ಟುಕೊಂಡ. ಲೀಡರನ ಮುಂದೆ ಇದ್ದದ್ದು ಒಂದು ಮೇಜು, ಒಂದು ಕುರ್ಚಿ. ಆದರೆ ಅವನ ಮನೆಗೆ ಹೋದದ್ದು ಅಂದು ರಜೆಯಲ್ಲಿದ್ದವಳೊಬ್ಬಳ ಮಿಷನ್ನು. ನಮ್ಮ ಅತ್ತಿಗೆಯ ಮುಂದೆ ಇದ್ದದ್ದು ಕಾಜಾ ಮಿಷನ್. ಅದನ್ನು ಎತ್ತಲು ಇಬ್ಬರು ಗಂಡಸರು ಬೇಕು. ಅವಳು ಅಣ್ಣನಿಗೆ ಫೋನು ಮಾಡಿ ವ್ಯಾನು ತರಿಸಿದಳು. ಅಣ್ಣ ಮಿಷನ್ನನ್ನು ನೋಡಿದ, ಅವಳನ್ನು ನೋಡಿದ, "ನೋಡೋಣ" ಎನ್ನುತ್ತಲೇ ಎತ್ತಿದ.

ಅದು ಬಂದು ಕೂತದ್ದು ಹೊರಕೋಣೆಯಲ್ಲಿ ನನ್ನ ಹಾಸಿಗೆ ಇದ್ದ ಜಾಗದಲ್ಲಿ. ನನ್ನ ಹಾಸಿಗೆ ಅಡುಗೆಮನೆಗೆ ಹೋಯಿತು. ಉಳಿದವರೆಲ್ಲ ತಮ್ಮ ಪಾಲನ್ನು ಅದೇ ವಾರ ಮಾರಿಕೊಂಡರು. ಒಬ್ಬರಿಗೆ ಬಾಡಿಗೆ, ಒಬ್ಬರಿಗೆ ಮಕ್ಕಳ ಫೀಸು, ಕಾಲರಿಗೆ ಗಂಡನ ಬೆನ್ನಿನ ಆಪರೇಷನ್. ಅತ್ತಿಗೆ ಮಾರಲಿಲ್ಲ. ಸುತ್ತಲಿನ ಟೈಲರ್ ಅಂಗಡಿಗಳಿಗೆ ಹೋಗಿ, ನಿಮ್ಮ ಅಂಗಿಗಳಿಗೆ ಕಾಜಾ ನಾನು ಹಾಕಿಕೊಡುತ್ತೇನೆ ಎಂದಳು. ಚೀಲಗಟ್ಟಲೆ ಅಂಗಿ ಬಂದವು. ಬೆಳಗಿನಿಂದ ಸಂಜೆಯವರೆಗೆ ಟರ್ ಟರ್ ಟಕ್. ನೆಲ ನಡುಗಿ ಕಪಾಟಿನ ಲೋಟಗಳು ಒಂದಕ್ಕೊಂದು ಮಾತಾಡುತ್ತಿದ್ದವು. ಕೆಳಮನೆಯವರು ಎರಡು ಸಲ ಜಗಳಕ್ಕೆ ಬಂದು, ಮೂರನೆಯ ಸಲ ತಮ್ಮ ಅಂಗಿಗಳನ್ನೇ ತಂದುಕೊಟ್ಟು ಹೋದರು. ವ್ಯಾನಿನ ಕಂತು, ಮನೆ ಬಾಡಿಗೆ ಎರಡೂ ಅದರಿಂದಲೇ ನಡೆಯತೊಡಗಿದವು. ಬರಬೇಕಾದ ಸಂಬಳಕ್ಕಿಂತ ಆ ಮಿಷನ್ನಿನ ಬೆಲೆಯೇ ಹೆಚ್ಚು ಎಂದು ಯಾರೋ ಹೇಳಿದಾಗ ನಾನು "ಮೂಗಿಗಿಂತ ಮೂಗುತಿ ಭಾರ" ಎಂದು ನಕ್ಕೆ. ಅತ್ತಿಗೆ ನಗಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದು, ಅರಗಿನ ಮುದ್ರೆ ಬಿದ್ದು, ಒಂದು ಕಾಗದ ಅಂಟಿತು. ಕಂಪನಿಯನ್ನು ಮುಚ್ಚಿ, ಇದ್ದಬದ್ದದ್ದನ್ನು ಮಾರಿ, ಬಾಕಿ ಇರುವವರಿಗೆ ಹಂಚಲು ಕೋರ್ಟು ಒಬ್ಬ ಅಧಿಕಾರಿಯನ್ನು ನೇಮಿಸಿದೆ; ಸಂಬಳ ಬಾಕಿ ಇರುವವರು ಅರ್ಜಿ ಕೊಡಿ ಎಂದು ಅದರಲ್ಲಿತ್ತು. ಆ ಅಧಿಕಾರಿಯನ್ನು ಲಿಕ್ವಿಡೇಟರ್ ಅನ್ನುತ್ತಾರೆ. ಹೆಸರು ನಾಲಿಗೆಗೆ ಹತ್ತದೆ ಹೆಂಗಸರೆಲ್ಲ ಸಾಹೇಬರು ಎಂದೇ ಕರೆದರು.

ಲೀಡರ್ ಎಲ್ಲರನ್ನೂ ಒಂದು ಚಹಾ ಅಂಗಡಿಯಲ್ಲಿ ಸೇರಿಸಿ ಅರ್ಜಿ ತುಂಬಿಸಿದ. "ಕಂಪನಿಯಿಂದ ಈಗಾಗಲೇ ಏನಾದರೂ ಪಡೆದಿದ್ದೀರಾ?" ಎಂಬ ಪ್ರಶ್ನೆ ಬಂದಾಗ ಅವನು ಲೋಟ ಕೆಳಗಿಟ್ಟು, "ಇಲ್ಲ ಅಂತ ಬರೀರಿ. ಎಲ್ಲರೂ ಒಂದೇ ಥರ ಬರೀಬೇಕು, ಒಬ್ಬರು ಬಾಯಿ ಬಿಟ್ಟರೆ ಎಲ್ಲರೂ ಮುಳುಗ್ತೀರಿ" ಎಂದನಂತೆ. ಎಲ್ಲರೂ ಇಲ್ಲ ಎಂದು ಬರೆದರು. ಅತ್ತಿಗೆಯೂ ಬರೆದಳು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಶನಿಕಾಟ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಸಾಕು, ಅತ್ತಿಗೆ ಎದ್ದು ಮಿಷನ್ನಿನ ಮೇಲೆ ಹೊದಿಕೆ ಎಳೆಯುತ್ತಿದ್ದಳು. ಅಷ್ಟು ದೊಡ್ಡ ಕಬ್ಬಿಣದ ಮುದ್ದೆಗೆ ಹೊದಿಕೆ ಹೊದಿಸಿದರೆ ಯಾರೋ ಕೂತು ಮುಸುಕು ಹಾಕಿಕೊಂಡ ಹಾಗೆ ಕಾಣುತ್ತಿತ್ತು, ಬಂದವರು ಮೊದಲು ಕೇಳುತ್ತಿದ್ದದ್ದೇ ಅದನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಸ್ತೆಯಲ್ಲಿ ಜೀಪು ನಿಂತರೆ ಕಿಟಕಿಗೆ ಓಡುವಳು. ಟೈಲರ್ ಹುಡುಕಿಕೊಂಡು ಬಂದರೆ ಬೆಚ್ಚುವಳು. ಒಂದು ದಿನ ಅಂಗಿಯೊಂದರ ಕಾಜಾ ಪಟ್ಟಿಯ ಅಂಚಿಗೇ ಬಿತ್ತು. ವರ್ಷಗಳಲ್ಲಿ ಆಗದ ತಪ್ಪು. ಆ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದಳು.

"ನಾನು ಹೋಗಿ ಹೇಳಿಬಿಡ್ತೀನಿ" ಎಂದಳು.

"ಏನಂತ?"

"ಮಿಷನ್ ನಮ್ಮನೇಲಿದೆ ಅಂತ."

ನನಗೆ ಮೈಯೆಲ್ಲ ಉರಿಯಿತು. "ಇರಲಾರದೆ ಇರುವೆ ಬಿಟ್ಕೊಂಡರಂತೆ. ಯಾರು ಕೇಳಿದ್ದಾರೆ ನಿನ್ನನ್ನ? ಬಾಡಿಗೆ ಎಲ್ಲಿಂದ ಕಟ್ತೀಯ? ವ್ಯಾನಿನ ಕಂತು?"

"ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ" ಎಂದಳು ಅತ್ತಿಗೆ. "ಆದರೆ ಸಂಬಳ ಬೇಡೋ ಕಾಗದದಲ್ಲೇ ಸುಳ್ಳು ಬರೆದ್ನಲ್ಲ. ಹದಿನೆಂಟು ವರ್ಷ ದುಡಿದಿದ್ದು ನಿಜ, ಆ ನಿಜದ ಪಕ್ಕದಲ್ಲೇ ಈ ಸುಳ್ಳು. ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ."

ಅಣ್ಣನ ಕಡೆ ನೋಡಿದೆ. ಅವನು ಏನು ಹೇಳಿದ ಎಂದು ಬರೆಯುವ ಅಗತ್ಯವಿಲ್ಲ.

ಮರುದಿನ ನಾನು ಆಸ್ಪತ್ರೆಗೆ ಹೋದ ಹೊತ್ತು ನೋಡಿಕೊಂಡು ಅವಳು ಸಾಹೇಬರ ಕಚೇರಿಗೆ ಹೋಗಿಬಂದಳು. ಸಂಜೆ ನಾನು ಬಂದಾಗ ಹೊದಿಕೆ ಮಡಚಿ ಕಪಾಟಿಗೆ ಹೋಗಿತ್ತು, ಅವಳು ಮಾತ್ರ ಹೊರಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಹೇಳಿದ ಮೇಲೆ ಹಗುರಾಗುತ್ತಾಳೆ ಎಂದುಕೊಂಡಿದ್ದರೆ ಅದು ನಮ್ಮ ಹುಚ್ಚು. ಹೊಸದೊಂದು ಉರಿಯನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು.

ನಡೆದದ್ದು ಇಷ್ಟು. ಅವಳು ಮಿಷನ್ನಿನ ವಿಷಯ, ಅರ್ಜಿಯಲ್ಲಿ ಬರೆದ ಸುಳ್ಳು ಎರಡನ್ನೂ ಹೇಳಿದ ಕೂಡಲೇ ಸಾಹೇಬರು ಕಡತದಿಂದ ಒಂದು ಹಾಳೆ ತೆಗೆದರಂತೆ. ಮಾಲೀಕ ಅದರಲ್ಲಿ, ಮಿಷನ್ನುಗಳನ್ನೆಲ್ಲ ಕೆಲಸಗಾರರೇ ಎತ್ತಿಕೊಂಡು ಹೋದರು ಎಂದು ಬರೆದುಕೊಟ್ಟಿದ್ದ. ಅವನು ಕೊಟ್ಟದ್ದೇ ನಿಜವಾದರೂ ಅದು ನಡೆಯುವುದಿಲ್ಲ. ಅವನು ಮೇಜು ಹತ್ತಿ ಹಾಗೆಂದ ಹೊತ್ತಿಗಾಗಲೇ ವಿಷಯ ಕೋರ್ಟಿಗೆ ಹೋಗಿತ್ತು, ಅವನಿಗೆ ಒಂದು ಗುಂಡಿ ಕೊಡುವ ಹಕ್ಕೂ ಉಳಿದಿರಲಿಲ್ಲ. ಹಾಗಾಗಿ ಮಿಷನ್ ಹೇಗೂ ವಾಪಸ್ಸು ಹೋಗಬೇಕು. ಪ್ರಶ್ನೆ ಉಳಿದದ್ದು ಬೇರೆ.

"ಅವರು ಕೊಟ್ಟಿದ್ದು ಅಂತ ಗೊತ್ತಾದರೆ ನಿಮ್ಮ ಸಂಬಳದ ಅರ್ಜಿಗೆ ತೊಂದರೆ ಇಲ್ಲ" ಎಂದರಂತೆ ಸಾಹೇಬರು. "ನೀವೇ ಎತ್ಕೊಂಡು ಹೋಗಿದ್ದು ಅಂತಾದರೆ ಅದು ಕಳ್ಳತನ. ಅರ್ಜಿ ತಡೆಹಿಡಿದು ಪೊಲೀಸರಿಗೆ ಬರೀಬೇಕಾಗುತ್ತೆ. ಅವತ್ತು ಅಲ್ಲಿದ್ದವರು ಯಾರಾದರೂ ಒಬ್ಬರು ಬಂದು, ಮಾಲೀಕರು ಕೊಟ್ಟಿದ್ದು ಹೌದು ಅಂತ ಹೇಳಲಿ. ಮುಂದಿನ ವಾರದ ತನಕ ಕಾಯ್ತೀನಿ."

"ನಿನ್ನೊಬ್ಬಳಿಗೇ ಕೊಟ್ಟರಾ ಅಂತ ಕೇಳಲಿಲ್ವಾ?" ಎಂದೆ ನಾನು.

"ಕೇಳಿದರು. ಬೇರೆಯವರದ್ದು ಬೇರೆಯವರನ್ನ ಕೇಳಿ ಸರ್ ಅಂದೆ."

ಆಗ ಅರ್ಥವಾಯಿತು ನನಗೆ ಸಿಕ್ಕು ಎಲ್ಲಿದೆ ಎಂದು. ಸಾಕ್ಷಿ ಹೇಳಲು ಬಂದವರನ್ನು ಸಾಹೇಬರು ಮೊದಲು ಕೇಳುವುದೇ "ನಿಮಗೇನು ಕೊಟ್ಟರು?" ಎಂದು. ಎಲ್ಲರೂ ತಮ್ಮ ಪಾಲನ್ನು ಮಾರಿ ತಿಂದಾಗಿದೆ, ಎಲ್ಲರೂ ಇಲ್ಲ ಎಂದು ಬರೆದಾಗಿದೆ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಲು ಯಾವ ಇಲಿ ಬರುತ್ತದೆ? ಸಾಕ್ಷಿ ಸಿಗದಿದ್ದರೆ ಮಿಷನ್ನೂ ಹೋಯಿತು, ಸಂಬಳವೂ ಹೋಯಿತು, ಮೇಲೆ ಕಳ್ಳಿ ಎಂಬ ಹೆಸರು. ಆ ಹೆಸರು ಹೊತ್ತವಳನ್ನು ಯಾವ ಕಾರ್ಖಾನೆಯ ಬಾಗಿಲೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆ ವಾರ ನಾವಿಬ್ಬರೂ ಅಲೆದ ಅಲೆತ ಹೇಳತೀರದು. ನಾನು ಬೈಯುತ್ತಲೇ ಜೊತೆಗೆ ಹೋದೆ. ಮೊದಲು ಹೋದದ್ದು ಕಾಲರ್ ಮನೆಗೆ. ಅತ್ತಿಗೆಗೆ ಅವಳು ಒಡಹುಟ್ಟಿದವಳಿಗಿಂತ ಹೆಚ್ಚು. ಒಂದೇ ಡಬ್ಬಿಯಲ್ಲಿ ಉಂಡವರು. ಒಂದೇ ಕೋಣೆಯ ಮನೆ, ಗಂಡ ಹಲಗೆಯ ಮೇಲೆ ಅಂಗಾತ ಮಲಗಿದ್ದ. ಕಾಲರ್ ನಮ್ಮನ್ನು ಒಳಗೆ ಕರೆಯದೆ ತಾನೇ ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು.

"ನಾನು ಬಂದು ಹೇಳಿದರೆ, ನಿನ್ನ ಮಿಷನ್ ಎಲ್ಲಿ ಅಂತ ಕೇಳ್ತಾರೆ" ಎಂದಳು. "ಏನು ತೋರಿಸಲಿ ಕಾಜಾ, ಇವರ ಬೆನ್ನು ತೋರಿಸಲಾ?"

ಕಾಲರ್ ಅತ್ತಿಗೆಯ ಕೈ ಹಿಡಿದುಕೊಂಡು ಅತ್ತಳು, ಅವಳೂ ಅತ್ತಳು, ನಾನು ಬೀದಿ ನೋಡುತ್ತ ನಿಂತೆ. ಕಾಲರನ್ನು ಬೈಯಲು ನನಗೂ ಮನಸ್ಸು ಬರಲಿಲ್ಲ.

ಇಸ್ತ್ರಿಯವನು ಮನೆ ಖಾಲಿ ಮಾಡಿ ಎಲ್ಲಿಗೋ ಹೋಗಿದ್ದ. ತೋಳು ಜೋಡಿಸುವವಳು ಕಿಟಕಿಯಿಂದಲೇ, ಅವತ್ತು ನಾನು ರಜೆ ಹಾಕಿದ್ದೆ ಎಂದಳು. ಅವಳು ರಜೆ ಹಾಕಿರಲಿಲ್ಲ. ಪ್ಯಾಕಿಂಗಿನವಳ ಗಂಡ ನಮ್ಮನ್ನು ಕಂಡದ್ದೇ ರೇಡಿಯೋ ಜೋರು ಮಾಡಿದ. ಒಂದೊಂದು ಬಾಗಿಲಿನಿಂದ ಹಿಂದಿರುಗುವಾಗಲೂ ಅತ್ತಿಗೆಯ ನಡಿಗೆ ಇನ್ನಷ್ಟು ಬಿರುಸಾಗುತ್ತಿತ್ತು, ನಾನು ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದೆ. ಕೊನೆಗೆ ಲೀಡರನ ಮನೆ.

ಲೀಡರ್ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದ. "ಹತ್ತು ಜನ ಹೋದ ದಾರೀಲಿ ಹೋಗಬೇಕಮ್ಮ. ನೀನಾಗಿ ನೀನೇ ಹೋಗಿ ಬಾವಿಗೆ ಬಿದ್ದು, ಈಗ ಹಗ್ಗ ಕೊಡಿ ಅಂದರೆ ಯಾರು ಕೊಡ್ತಾರೆ?"

"ನಿಮ್ಮ ಹೆಸರು ಹೇಳಿಲ್ಲ ಲೀಡರಣ್ಣ" ಎಂದಳು ಅತ್ತಿಗೆ. "ಯಾರ ಹೆಸರೂ ಹೇಳಿಲ್ಲ. ಮಾಲೀಕರು ಕೊಟ್ಟಿದ್ದು ಹೌದು ಅಂತ ಒಂದು ಮಾತು ಸಾಕು."

"ಆ ಒಂದು ಮಾತಿಗೇ ಅವರು ಕಾಯ್ತಿರೋದು. ಬಾಲ ಸಿಕ್ಕರೆ ಹಾವನ್ನೇ ಎಳೀತಾರೆ."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಮುಂದೆ ಇದ್ದಿದ್ದು ಕುರ್ಚಿ, ನಿಮ್ಮನೆಗೆ ಬಂದಿದ್ದು ಮಿಷನ್. ಅದು ಯಾವ ಲೆಕ್ಕ ಲೀಡರಣ್ಣ?" ಎಂದೆ. ಅತ್ತಿಗೆ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಅರ್ಧ ದಾರಿಯವರೆಗೂ ನನ್ನನ್ನೇ ಬೈದಳು, ಉಳಿದರ್ಧ ದಾರಿ ಕಿಟಕಿಯಾಚೆ ನೋಡುತ್ತ ಬೆರಳ ನೆಟಿಗೆ ಮುರಿದಳು.

ಗಡುವಿನ ದಿನ ಬಂತು. ನಾನು ರಜೆ ಹಾಕಿದೆ. ಅಣ್ಣ ವ್ಯಾನಿನಲ್ಲಿ ಕರೆದುಕೊಂಡು ಹೋದ. ಇಳಿಯುವಾಗ ಅವನು ಅತ್ತಿಗೆಯನ್ನು ನೋಡಿ, "ನೀನು ಮಾಡಿದ್ದು ಸರಿ" ಎಂದ. ನಾವಿಬ್ಬರೂ ಒಂದು ಕ್ಷಣ ಹಾಗೇ ನಿಂತೆವು, ಇದು ಅವನೇ ಆಡಿದ ಮಾತೇ ಎಂದು. ಆ ಧೈರ್ಯದಲ್ಲೇ ಅತ್ತಿಗೆ ಮೆಟ್ಟಿಲು ಹತ್ತಿದಳು.

ಕಚೇರಿ ಎರಡನೆಯ ಮಹಡಿಯಲ್ಲಿ. ಬಾಗಿಲಿನ ಹೊರಗೆ ಒಂದು ಉದ್ದನೆಯ ಬೆಂಚು, ಅದರ ತುದಿಗೆ ಲೀಡರ್ ಪೇಪರು ಹಿಡಿದು ಕೂತಿದ್ದ. ಸಾಕ್ಷಿ ಹೇಳಲು ಬಂದವನಲ್ಲ, ಅವಳು ಒಳಗೆ ಏನು ಹೇಳುತ್ತಾಳೆ ಎಂದು ಕೇಳಲು ಬಂದವನು. ಅತ್ತಿಗೆ ಬೆಂಚಿನ ಮೇಲೆ ಕೂರಲೇ ಇಲ್ಲ. ಮೆಟ್ಟಿಲಿನ ತುದಿಗೆ ಹೋಗಿ ಕೆಳಗೆ ಬಗ್ಗಿ ನೋಡುವಳು, ಬರುವಳು, ಮತ್ತೆ ಹೋಗುವಳು. ಯಾರಾದರೂ ಬರಬಹುದು ಎಂಬ ಆಸೆ ಅವಳಿಗಿನ್ನೂ ಇತ್ತು. ನನಗಿರಲಿಲ್ಲ. ಅವಳ ಹೆಸರು ಕರೆದಾಗ ಮೆಟ್ಟಿಲು ಖಾಲಿಯೇ ಇತ್ತು.

ಒಳಗೆ ನಾಲ್ಕೂ ಗೋಡೆಗೆ ಕಡತಗಳು, ನಡುವೆ ಸಾಹೇಬರು. ಕೆಟ್ಟವರ ಹಾಗೆ ಕಾಣಲಿಲ್ಲ, ನಿದ್ದೆಗೆಟ್ಟವರ ಹಾಗೆ ಕಂಡರು.

"ಯಾರಾದರೂ ಬಂದಿದ್ದಾರಾ?" ಎಂದು ಕೇಳಿದರು.

"ಇಲ್ಲ ಸರ್" ಎಂದಳು ಅತ್ತಿಗೆ.

ಅವರು ಪೆನ್ನು ತೆಗೆದರು. ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿಸಿತು. ನೋಡಿದರೆ ದಾರದಜ್ಜಿ. ಎರಡು ಮಹಡಿ ಹತ್ತಿದ ದಣಿವಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಂದೆ ಮಿಷನ್ ಇರಲಿಲ್ಲವಲ್ಲ, ಹಾಗಾಗಿ ಇಡೀ ವಾರ ಊರೆಲ್ಲ ಅಲೆದ ನಮ್ಮ ತಲೆಗೆ ಅವಳು ಬಂದೇ ಇರಲಿಲ್ಲ.

"ಕಾಲರ್ ಬಂದು ಹೇಳಿದಳು" ಎಂದಳು ಅಜ್ಜಿ ಅತ್ತಿಗೆಗೆ. "ತಾನು ಬರೋ ಹಾಗಿಲ್ಲ ಅಂತ ಅತ್ತಳು. ನೀನ್ಯಾಕೆ ನನ್ನ ಹತ್ರ ಬರಲಿಲ್ಲ?"

ಅತ್ತಿಗೆ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಸಾಹೇಬರು ಅಜ್ಜಿಗೆ ನೀರು ಕೊಡಿಸಿ, ಅವಳ ಉಸಿರು ಹದಕ್ಕೆ ಬರುವವರೆಗೂ ಕಾದರು.

"ಅವತ್ತು ನೀವು ಅಲ್ಲಿದ್ದಿರಾ ಅಜ್ಜಿ? ಮಾಲೀಕರು ಏನು ಹೇಳಿದರು?"

"ಸಂಬಳದ ಬದಲು ಮುಂದೆ ಏನಿದೆಯೋ ಅದನ್ನ ತಗೊಂಡು ಹೋಗಿ ಅಂದರು. ಮೇಜಿನ ಮೇಲೆ ಹತ್ತಿ ನಿಂತು ಹೇಳಿದರು. ಚಪ್ಪಲಿ ಹಾಕ್ಕೊಂಡೇ ಹತ್ತಿದ್ದರಪ್ಪ, ಕೆಳಗೆ ಬಿಳಿ ಬಟ್ಟೆ ಹಾಸಿತ್ತು. ಅವರು ಇಳಿದ ಮೇಲೆ ಅದನ್ನ ನಾನೇ ಕೊಡವಿ ಇಟ್ಟೆ."

"ಈ ಹೆಂಗಸಿಗೆ ಕಾಜಾ ಮಿಷನ್ ಕೊಟ್ಟರಾ?"

"ಇವಳ ಮುಂದೆ ಇದ್ದಿದ್ದು ಅದೇ."

"ನಿಮಗೇನು ಕೊಟ್ಟರು?"

ಅಜ್ಜಿ ಚೀಲದೊಳಗೆ ಕೈ ಹಾಕಿ ಒಂದು ಬಟ್ಟೆಯ ಸುರುಳಿ ತೆಗೆದು ಬಿಚ್ಚಿದಳು. ದಾರ ಕತ್ತರಿಸುವ ಪುಟ್ಟ ಕತ್ತರಿ. ಮಡಚಿದ ಅಂಗೈಯೊಳಗೆ ಪೂರ್ತಿ ಮುಚ್ಚಿಹೋಗುವಷ್ಟು ಚಿಕ್ಕದು. "ಇದು" ಎಂದಳು.

ಸಾಹೇಬರು ಅದನ್ನು ಬರೆದುಕೊಂಡರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಸರಿ. ಮಾಲೀಕರು ಕೊಟ್ಟಿದ್ದು ಅಂತ ಬರೀತೀನಿ. ಮಿಷನ್ ತಗೊಂಡು ಹೋಗೋಕೆ ನಾಳೆ ಜನ ಬರ್ತಾರೆ. ನಿಮ್ಮ ಸಂಬಳದ ಅರ್ಜಿಗೆ ಏನೂ ತೊಂದರೆ ಇಲ್ಲ" ಎಂದರು.

"ಸ್ಕ್ರೂ ನಾನೇ ಬಿಚ್ಚಿಕೊಡ್ತೀನಿ ಸರ್, ಅವರು ಬಿಚ್ಚಿದರೆ ಬ್ಲೇಡು ಹಾಳು ಮಾಡ್ತಾರೆ" ಎಂದಳು ಅತ್ತಿಗೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಸರು ಉಳಿಯಿತೆಂಬ ನೆಮ್ಮದಿಗೋ, ಹೊರಟುಹೋಗುವ ಮಿಷನ್ನಿಗೋ ಗೊತ್ತಾಗಲಿಲ್ಲ.

ಸಾಹೇಬರು ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಅರ್ಜಿದಾರರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಾಡಿಸಿ ನೋಡಿದರು, ಇನ್ನೊಂದು ಸಲ ನೋಡಿದರು. "ಅಜ್ಜಿ, ನಿಮ್ಮ ಹೆಸರು ಇದರಲ್ಲಿ ಕಾಣ್ತಿಲ್ಲ. ನಿಮಗೆ ಸಂಬಳ ಬಾಕಿ ಇಲ್ವಾ?"

"ಇದೆ. ಎಲ್ಲರಿಗೂ ಎಷ್ಟು ತಿಂಗಳದ್ದೋ ಅಷ್ಟೇ."

"ಮತ್ತೆ ಯಾಕೆ ಅರ್ಜಿ ಹಾಕಲಿಲ್ಲ?"

ಇದನ್ನೂ ಕೇಳುತ್ತಾರೆಯೇ ಎಂಬಂತೆ ಅಜ್ಜಿ ಅವರ ಮುಖ ನೋಡಿದಳು. "ಸಂಬಳದ ಬದಲು ಅಂತ ಹೇಳಿ ಕೊಟ್ಟರಲ್ಲಪ್ಪ ಇದನ್ನ. ಬೇಡ ಅನ್ನದೆ ತಗೊಂಡೆ. ತಗೊಂಡ ಮೇಲೆ ಮತ್ತೆ ಕೇಳೋದು ಹೇಗೆ?"

ತೆರೆದ ಬಾಗಿಲಿನಾಚೆ ಲೀಡರ್ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಯಾರ ಮೇಲೆ ಎಂದು ಹುಡುಕಿದರೆ ಒಬ್ಬರು ಸಾಲದಾದರು. ಸಾಹೇಬರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಹೊಸ ಅರ್ಜಿಯೊಂದನ್ನು ಅತ್ತಿಗೆಯ ಕಡೆ ಸರಿಸಿದರು. "ಪಟ್ಟಿ ಇನ್ನೂ ಮುಚ್ಚಿಲ್ಲ. ಇವರದ್ದು ನೀವು ತುಂಬಿಕೊಡಿ."

ಅತ್ತಿಗೆ ಮೇಜಿನ ತುದಿಗೆ ಬಗ್ಗಿ ನಿಂತೇ ಬರೆದಳು. ಅಜ್ಜಿಯ ಹೆಸರು ಕೇಳಿ ಬರೆದುಕೊಳ್ಳಬೇಕಾಯಿತು. ಹದಿನೆಂಟು ವರ್ಷದಲ್ಲಿ ಅದು ಅವಳಿಗೂ ಗೊತ್ತಿರಲಿಲ್ಲ. ಕೆಲಸ, ಬಾಕಿ, ಎಲ್ಲ ಬರೆದಾಯಿತು. ಕಂಪನಿಯಿಂದ ಏನಾದರೂ ಪಡೆದಿದ್ದೀರಾ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅವಳು ಸಾಹೇಬರ ಮುಖ ನೋಡಿದಳು. ಸಾಹೇಬರು ಕಿಟಕಿಯ ಕಡೆ ನೋಡಿದರು.

"ಬರಿ ಮಗಳೇ" ಎಂದಳು ಅಜ್ಜಿ. "ಕತ್ತರಿ ಒಂದು."

ಅತ್ತಿಗೆ ಬರೆದಳು. ಅಜ್ಜಿ ಕುರ್ಚಿಯಿಂದ ಎದ್ದು, ಆ ಕತ್ತರಿಯನ್ನು ಬಟ್ಟೆಯ ಸಮೇತ ಸಾಹೇಬರ ಮುಂದೆ ಇಟ್ಟಳು.

"ಇದನ್ನ ನೀವೇ ಇಟ್ಕೊಳ್ಳಿ ಅಜ್ಜಿ, ಪರವಾಗಿಲ್ಲ" ಎಂದರು ಸಾಹೇಬರು.

"ಬೇಡಪ್ಪ, ಇದು ಇಲ್ಲೇ ಇರಲಿ" ಎಂದಳು ಅಜ್ಜಿ. "ಈಗ ಕೇಳಬಹುದು ತಾನೇ?"